ಅವ್ವನ ಹೆಬ್ಬಟ್ಟು

ಆಕಳಾ ಇವು, ಏನ ಬೆಳ್ಳಗದಾವು, ಏನ ಮೈ ತುಂಬ್ಯಾವು, ಕಾಯಾಕ ಒಬ್ಬರೂ ಇಲ್ಲ, ಕೊಳ್ಳಾಗ ಗಂಟಿ ಇಲ್ಲ, ಕಿವ್ಯಾಗ ಮಾತ್ರ ಹಳದಿ ಬಿಲ್ಲೆ ಹೊಡದಾರ, ಅದರ ಮ್ಯಾಲ ಏನೋ ಬರದಾರ, ಯಾರ ಆಕಳ ಅಂತ ಇರಬೇಕು, ನೋಡವಾ ಈ ದೇಶದಾಗ ದನಕ್ಕೂ ಇಂಥವರದು ಅಂತ ಬರದಿಡ್ತಾರ — ಹೋದೂ, ಕಣ್ಣ ಮುಚ್ಚಿ ತಗಿಯೂದ್ರಾಗ ಹೋದೂ, ಗಾಡಿ ಏನ ಓಡತೈತಿ, ಗಡಗಡ ಅನ್ನೂದಿಲ್ಲ, ಚಾ ಚಾ ಅಂತ ಒದರವರಿಲ್ಲ, ಶೇಂಗಾ ಸಿಪ್ಪಿ ಕಾಲಾಗ ಬರೂದಿಲ್ಲ, ಎದುರಿಗೆ ಕುಂತ ಮುದುಕ ಪೇಪರ್ ಓದಾಕತ್ತಾನ, ನನ್ನ ಕಡೆ ಒಮ್ಮಿ ನೋಡಿ ನಕ್ಕಾ, ನಾನೂ ನಕ್ನಿ, ನಗದ ಏನ ಮಾಡ್ಲಿ, ಭಾಷಾ ಬರೂದಿಲ್ಲ. ಟಿಕೇಟ ಕೈಯಾಗ ಬೆವತು ಮೆತ್ತಗಾಗೈತಿ, ಬ್ರೂಜ್, ಬ್ರೂಜ್, ಹತ್ತೂಮುಂದ ಎರಡ ಸಲ ಕೇಳೇನಿ, ಟಿಸಿ ಹೂಂ ಅಂತ ಗೋಣ ಹಾಕ್ಯಾನ, ಬ್ರಸೆಲ್ಸಿಂದ ಒಂದ ತಾಸಂತ, ಗಜೇಂದ್ರಗಡದಿಂದ ರೋಣಕ್ಕ ಬಸ್ಸಿಗೆ ಹೋದಂಗ, ಅಷ್ಟ — ಅಷ್ಟ ಅಂತ ಅನ್ನೂದೇನ, ಮುಬೀನಾ, ಒಬ್ಬಾಕಿನ ಗದಗಿಗೆ ಹೋದಾಕಿ ಅಲ್ಲ ನೀ. ರೈಲ ಹತ್ತಿದ್ದ ಒಂದ ಸಲ, ಅವ್ವನ ಜೋಡಿ, ಹೊಳೆಆಲೂರ ಸ್ಟೇಷನ್ನಾಗ, ವಿಜಾಪುರಕ್ಕ, ಅವ್ವ ಸೆರಗಿನ್ಯಾಗ ಕಡಕ ರೊಟ್ಟಿ ಕಟಗೊಂಡ ಕಿಡಕಿ ಸರಳ ಗಟ್ಟಿ ಹಿಡದ ಕುಂತಿದ್ಳು, ಬಿಟ್ರ ಗಾಡಿ ಆಕೀನ್ನ ಬಿಟ್ಟ ಹೊಕ್ಕೈತಿ ಅನ್ನವರಂಗ, ಸರಳಿನ ಮ್ಯಾಲ ಆಕೀ ಹೆಬ್ಬಟ್ಟು, ಉಗುರು ನಡುವ ಸೀಳಿ ಎರಡಾಗಿದ್ದು, ನಾ ಸಾಲ್ಯಾಗ ನಾಕನೇತ್ತೆ ಇದ್ದಾಗ ಮಗ್ಗದ ಹಣಗಿ ಬಿದ್ದ ಸೀಳಿದ್ದು, ಮುಂದ ಎಷ್ಟ ಸಲ ಬೆಳದರೂ ಎರಡಾಗೇ ಬೆಳೀತಿತ್ತು, ಆ ಉಗುರ ಸಂದ್ಯಾಗ ಬೂದಿ, ಎಷ್ಟ ತೊಳದರೂ ಹೋಗದ ಬೂದಿ. ಗಾಡಿ ನಿಂತಿತು, ಇದ ಬ್ರೂಜೇನ, ಅಲ್ಲ, ಮುದುಕ ಅಲ್ಲ ಅಂತ ಕೈ ಆಡಿಸಿದಾ, ಘೆಂಟ್ ಅಂದಾ, ಕುಂದ್ರು ಅಂದಾ — ಯವ್ವಾ. ಅಲ್ಲಿ. ಪ್ಲಾಟಫಾರ್ಮಿನ ಗ್ವಾಡಿ ಮ್ಯಾಲ, ಆಳೆತ್ತರ, ಬಾಗಲಷ್ಟ ಅಗಲ, ಅವ್ವನ ಕೈ. ಇಲ್ಲೂ ಹಚ್ಯಾರ ಆ ಫೋಟೋ. ಬ್ರಸೆಲ್ಸಿನ ಪ್ರದರ್ಶನದಾಗ ಅಷ್ಟ ಐತಿ ಅಂತ ತಿಳದಿದ್ನಿ, ಅದನ್ನ ನೋಡೂದ ಬ್ಯಾಡ ಅಂತನ ಗಾಡಿ ಹತ್ತೀನಿ, ಅದು ನನ್ನಕಿಂತ ಮೊದಲ ಬಂದ ನಿಂತೈತಿ. ಗಾಡಿ ಬಿಟ್ಟಿತು, ಕೈ ಹಿಂದ ಉಳೀತು, ಮುದುಕ ಪೇಪರ್ ಮಡಚಿ ನನ್ನ ಮಾರಿ ನೋಡಾಕತ್ತಾನ, ನಾ ಅಳಾಕತ್ತೇನಿ ಅಂತ ಅವನಿಂದ ಗೊತ್ತಾತು.

ಒಂಬತ್ತ ದಿನ ಆ ಫೋಟೋದ ಬುಡಕ ಕುಂತೇನಿ ನಾನು. ಒಂಬತ್ತ ದಿನ. ಕೈಮಗ್ಗದ ಪ್ರದರ್ಶನ ಅಂತ ಗೆಳತಿ ಸುವರ್ಣಾ ನನ್ನ ಕರಕೊಂಡ ಬಂದಾಳ, ಹಿಂದ ಆ ಫೋಟೋ, ಮುಂದ ಸಣ್ಣ ಮಗ್ಗ, ಮಗ್ಗದಾಗ ನಾನು, ಬಂದವರೆಲ್ಲ ಮೊದಲ ಮ್ಯಾಲ ನೋಡವರು, ಆಮ್ಯಾಲ ನನ್ನ ಕೈ ನೋಡವರು, ಮ್ಯಾಲಿನ ಕೈಯಾಗ ಎರಡ ಎಳಿ, ಹೆಬ್ಬಟ್ಟಿಗೂ ತೋರಬಟ್ಟಿಗೂ ನಡುವ, ಇನ್ನೇನ ಹೊಸೀಬೇಕು, ಅಷ್ಟರಾಗ ಫೋಟೋ ಹೊಡದಾರ. ಮೊದಲನೇ ದಿನ ನೋಡಿದಾಗ ಸುವರ್ಣಾನ ಜಗ್ಗಿ ನಿಲ್ಲಿಸಿದ್ನಿ. ಸುವರ್ಣೀ, ಇದು ಅವ್ವನ ಕೈ ಅಲ್ಲೇನ, ಅಂದ್ನಿ. ಹೌದವಾ, ನಿನಗ ತೋರಸ್ಬೇಕಂತನ ಸುಮ್ಮನಿದ್ದೆ, ಹ್ಯಾಂಗೈತಿ, ಅಂದ್ಳು. ಇಷ್ಟ ದಿನಾ ಎಲ್ಲಿತ್ತು ಇದು ಅಂತ ಕೇಳೂದ ಬಿಟ್ಟ ಅಕೀ ಕೈ ಹಿಡದ ಅತ್ನಿ ನಾ, ಹಲ್ಕಟ್ ಹೆಂಗಸ ನಾನು, ಅಕೀ ಕೈ ಹಿಡದ ಅತ್ನಿ, ಎಷ್ಟ ಚಲೋ ಮಾಡಿದ್ಯವಾ, ನಿನ್ನ ಹೊಟ್ಟಿ ತಣ್ಣಗಿರಲಿ, ಅಂದ್ನಿ. ದಿನಾ ಮುಂಜಾನೆ ಮಗ್ಗಕ್ಕ ಕುಂದ್ರೂ ಮೊದಲ ತಲಿ ಎತ್ತಿ ಅವ್ವಗ ಸಲಾಂ ಹೇಳತಿದ್ನಿ. ನಿನ್ನೆ ಸಂಜಿಗೆ, ಬಾಗಲ ಹಾಕೂ ಹೊತ್ತಿಗೆ, ಆ ದುಭಾಷಿ ಹುಡುಗ ಅನಿಲಕುಮಾರ, ಧಾರವಾಡದಾಂವ, ಪಾಪ ಅವನದೇನ ತಪ್ಪ, ಫೋಟೋದ ಕೆಳಗಿನ ಇಂಗ್ಲೀಷ ತೋರಿಸಿ ಕೇಳಿದ್ನಿ, ತಮ್ಮಾ, ಏನ ಬರದಾರ ಇದರಾಗ, ನಮ್ಮವ್ವನ ಹೆಸರ ಎಲ್ಲೈತಿ, ಅದನ್ನಾರ ಮುಟ್ಟಿ ಹೋಗ್ತೇನಿ. ಅಂವ ಓದಿದಾ. ಓದಿ ಕನ್ನಡದಾಗ ಹೇಳಿದಾ. ಇವು ನೀಲವ್ವ ಅನ್ನವರ ಕೈರಿ, ಸುವರ್ಣಾ ಮೇಡಮ್ಮರ ತಾಯಿಯವರದು, ಐವತ್ತು ವರ್ಷ ಎಳಿ ಕೆಚ್ಚಿದ ಕೈ ಅಂತ್ರಿ, ತಾಯಿಯಿಂದ ಮಗಳಿಗೆ ಬಂದ ವಿದ್ಯಾ ಅಂತ ಬರದೈತಿ, ನಿಮ್ಮ ಹೆಸರ ಇಲ್ಲಿ ಕೆಳಗ ಐತ್ರಿ, ಸಹಾಯಕಿ ಅಂತ.

ನೀಲವ್ವ! ನೀಲವ್ವೆಕ್ಕಾನ ಕೈ! ನಗಬೇಕೋ ಅಳಬೇಕೋ. ದೇವರಂಥಾ ಹೆಂಗಸು, ಆಕೀ ಮ್ಯಾಲ ನಂದೇನಿಲ್ಲ ಸಿಟ್ಟು, ಆದ್ರ ಆಕೀ ಕೈ ನೋಡದವರ್ಯಾರು ಊರಾಗ, ಬೆರಳಿಗೊಂದ ಉಂಗುರ, ಹಿಟ್ಟ ನಾದಾಕೂ ಮನ್ಯಾಗ ಆಳ ಇದ್ರು, ಮಗ್ಗದ ಸಪ್ಪಳ ಕೇಳಿದ್ರ ತಲಿಬ್ಯಾನಿ ಬರತೈತಿ ಅಂತ ನಮ್ಮ ಓಣಿಗೆ ಕಾಲ ಇಡತಿರಲಿಲ್ಲ, ನೂಲಿನ ವ್ಯಾಪಾರಸ್ಥರ ಮನಿ ಹೆಣಮಗಳು, ಎಳಿ ಕೆಚ್ಚೂದಂದ್ರ ಏನಂತ ಆಕೀಗೆ ಗೊತ್ತ ಐತೇನ, ಮಗ್ಗದ ಮ್ಯಾಲ ಉದ್ದಕ್ಕ ಎಳದ ಹಳೇ ಹಾಸು ಮುಗಿಯಾಕ ಬಂದಾಗ ಅದರ ಒಂದೊಂದ ಎಳಿ ತುದಿಗೆ ಹೊಸಾ ಹಾಸಿನ ಒಂದೊಂದ ಎಳಿ ಹೊಸೀಬೇಕು, ಗಂಟ ಹಾಕಂಗಿಲ್ಲ, ಬೂದಿ ಹಚ್ಚಿ ಹೆಬ್ಬಟ್ಟಿಲೆ ಒಂದ ತಿರುವು, ಕೂಡಿತು, ಮೂರ ಸಾವಿರ ಎಳಿ, ಮೂರ ಸಾವಿರ ತಿರುವು, ಒಂದ ತಪ್ಪಿದ್ರ ಸೀರಿ ಉದ್ದಕ್ಕ ಗೆರಿ ಬೀಳತೈತಿ, ಮೈ ಮ್ಯಾಲ ಬರಿ ಹಾಕಿದಂಗ. ಅವ್ವ ಮುಶಿಗೇರ್ಯಾಗ ಹುಟ್ಟಿದಾಕಿ, ಒಕ್ಕಲತನದ ಊರು, ಮದುವ್ಯಾಗಿ ಬಂದ ಮ್ಯಾಲ ಕಲತಿದ್ದು ಈ ಕೆಲಸಾ, ಕಲತ ಮ್ಯಾಲ ಗಜೇಂದ್ರಗಡದಾಗ ಯಾರ ಮಗ್ಗ ನಿಂತರೂ ಬೀಬಿಜಾನನ ಕರೀರಿ, ಬೀಬಿಜಾನನ ಕರೀರಿ. ಸುವರ್ಣಾಗ ಇದೆಲ್ಲ ಗೊತ್ತಿಲ್ಲೇನ? ನಮ್ಮ ಮನ್ಯಾಗ ಬೆಳದಾಕಿ ಅಕಿ, ಸಾಲ್ಯಾಗ ಒಂದ ಬಾಕಿನ ಮ್ಯಾಲ ಏಳ ವರ್ಷ ಕುಂತೇವಿ, ಮಾವಶಿ ಮಾವಶಿ ಅಂತ ಬಂದ ಮಗ್ಗದ ಕಟ್ಟಿ ಮ್ಯಾಲ ಕುಂದರ್ತಿದ್ಳು, ಪಂಚಮಿಗೆ ಉಂಡಿ ತರತಿದ್ಳು, ಮೊಹರಮ್ಮಿಗೆ ಮೊದಲನೇ ಚೋಂಗೆ, ಆ ಬೆಲ್ಲದ ರೊಟ್ಟಿ, ಅಕಿಗೇ, ನನಗಲ್ಲ, ಹೆತ್ತ ಮಗಳಿಗಲ್ಲ, ಸುವರ್ಣಾ ಬರಲಿ ತಡೀ ಅನ್ನಾಕಿ ಅವ್ವ. ಆ ಫೋಟೋ ಹೊಡದ ದಿನಾ ನೆನಪೈತಿ ನನಗ, ಮಧ್ಯಾಹ್ನ, ಹೊಸಾ ಫೋನ ತೋರಸಾಕ ಬಂದಿದ್ಳು, ಮಾವಶಿ, ಇತ್ತಾಗ ನೋಡು, ಒಂದ ಫೋಟೋ, ಅಂದ್ರ ಅವ್ವ ಸೆರಗ ಎಳಕೊಂಡ ಮಾರಿ ಹೊಳ್ಳಿಸಿದ್ಳು, ಮಾರಿ ಬ್ಯಾಡವಾ, ಮುದುಕಿ ಮಾರಿ ಏನ ನೋಡ್ತಿ, ಕೈ ಬೇಕಾದ್ರ ತಕ್ಕೋ. ತಕ್ಕೊಂಡ್ಳು. ಖರೇನ ತಕ್ಕೊಂಡ್ಳು. ಆರ ತಿಂಗಳಿಗೆ ಅವ್ವ ಹ್ವಾದ್ಳು, ಮನಿ ಎಲ್ಲಾ ಹುಡುಕಿದ್ರೂ ಒಂದ ಫೋಟೋ ಇಲ್ಲ, ರೇಷನ್ ಕಾರ್ಡಿನ್ಯಾಗಿನ ಮಾರಿ ಕರ್ರಗ ಅಳಿಸಿ ಹೋಗೈತಿ, ನಲವತ್ತನೇ ದಿನಾ ನಾನ ಅಕೀ ಮನೀತನಕ ಹೋದ್ನಿ, ಸುವರ್ಣೀ, ಆ ಕೈ ಫೋಟೋನಾರ ಕೊಡವಾ, ಇಟ್ಕೋತೇನಿ. ಅಯ್ಯ, ಆ ಫೋನ ನೀರಾಗ ಬಿತ್ತಲ್ಲೇ ಮುಬ್ಬಿ, ಎಲ್ಲಾ ಹೋದೂ, ಒಂದೂ ಉಳೀಲಿಲ್ಲ, ಅಂದ್ಳು, ಅಂದ ನನ್ನ ಜೋಡಿ ತಾನೂ ಅತ್ಳು. ಅದ ನನ್ನ ಸುಡಾಕತ್ತೈತಿ, ಕೊಡದಿದ್ದದ್ದಲ್ಲ, ಜೋಡಿ ಅತ್ತದ್ದು. ಆ ಕಣ್ಣೀರ ಎಲ್ಲಿಂದ ತಂದ್ಳು ಅಕಿ.

ಬ್ರೂಜ್. ಇಳದ್ನಿ. ಮಂದಿ ಎಲ್ಲಾ ಒಂದ ಕಡೆ ನಡದಾರ, ನಾನೂ ಅವರ ಹಿಂದ, ಕಲ್ಲ ಹಾಸಿದ ದಾರಿ, ಕುದರಿ ಗಾಡಿ ಟಕಟಕ ಅಂತ ಹೊಂಟಾವು, ಮನಿಗೋಳ ಮಾಡು ಮೆಟ್ಟಲ ಮೆಟ್ಟಲ ಮ್ಯಾಲಕ್ಕೇರ್ಯಾವು, ನಡುವ ಕಾಲಿವಿ, ನರಗುಂದದ ಕಾಲಿವಿಯಂಥಾವ ಅಲ್ಲ, ಮನಿ ಗ್ವಾಡಿ ನೀರಾಗ ಕಾಲ ಇಳಿಬಿಟ್ಟ ಕುಂತಾವು, ಬಾತುಕೋಳಿ ತೇಲತಾವು, ದೋಣ್ಯಾಗ ಮಂದಿ ಕೈ ಬೀಸತಾರ, ಚೌಕದಾಗ ಗುಡ್ಡದಷ್ಟ ಎತ್ತರ ಗಂಟಿ ಗೋಪುರ, ಏಳನೂರ ವರ್ಷದ್ದಂತ, ಚಂದೈತಿ, ಸುಳ್ಳ ಯಾಕ ಹೇಳ್ಲಿ, ಭಾಳ ಚಂದೈತಿ, ಇದನ್ನ ಇಬ್ಬರೂ ಕೂಡಿ ನೋಡೋಣಂತ ಮಾತಾಗಿತ್ತು, ಸೂಟಿ ದಿನಾ ಹೋಗೋಣ ಮುಬ್ಬಿ, ಅಲ್ಲಿ ದಾರದ ಜಾಳಗಿ ಹೆಣಿಯೂ ಮುದುಕ್ಯಾರ ಅದಾರಂತ, ನೋಡೋಣಂತ. ಸೂಟಿ ಇವತ್ತ. ನಿನ್ನೆ ರೂಮಿಗೆ ಬಂದ ಕೂಡ್ಲೇ ಅಕಿ ಏನಂದ್ಳು, ಬ್ರೂಜ್ ಗೀಜ್ ಇನ್ನೊಮ್ಮಿ ನೋಡೋಣವಾ, ಹಾಸು ಮುಗದೈತಿ, ನಾಳಿ ಹಾಲ್ ಖಾಲಿ ಇರತೈತಿ, ಕುಂತ ಕೆಚ್ಚಿಬಿಡು, ಎಂಟನೂರ ಎಳಿ ಅಷ್ಟ, ನಾಡದ ಹತ್ತಕ್ಕ ದೊಡ್ಡ ಮಂದಿ ಬರ್ತಾರ, ನಾ ಮಾತಾಡಬೇಕು, ಮಗ್ಗ ನಡೀತಿರಬೇಕು. ನಾ ಫೋಟೋದ ಮಾತ ತಗೀಲಿಲ್ಲ. ತಗದ್ರ ಅಕಿ ಏನಾರ ಹೇಳ್ತಾಳ, ನಾ ನಂಬತೇನಿ, ನನ್ನ ಹಣೇಬರಾನ ಹಂಗ, ಅಕಿ ಹೇಳಿದ್ದ ನಂಬೂದು. ಮುಂಜಾನೆ ಅಕಿ ಜಳಕಕ್ಕ ಹೋದಾಗ, ಮೊದಲ ತಗಿಸಿಟ್ಟಿದ್ದ ಎರಡರಾಗ ನನ್ನ ಟಿಕೇಟ ತಗೊಂಡ್ನಿ, ಚೀಲ ಹೆಗಲಿಗೆ ಹಾಕ್ಕೊಂಡ್ನಿ, ಬಾಗಲ ಸಪ್ಪಳ ಆಗದಂಗ ಎಳಕೊಂಡ ಬಂದ್ನಿ. ಚೀಲದಾಗ ಏನೈತಿ, ಪಾಸಪೋರ್ಟ, ಎರಡ ಕಡಕ ರೊಟ್ಟಿ, ಶೇಂಗಾ ಹಿಂಡಿ, ಅವ್ವನ ಬೂದಿ ಡಬ್ಬಿ. ಕುಳ್ಳಿನ ಬೂದಿ ಅರಿವ್ಯಾಗ ಸೋಸಿ ತುಂಬಿದ್ದು, ಡಬ್ಬಿ ಅವ್ವಂದು, ಬೂದಿ ನಾ ಮಾಡಿದ್ದು. ಬೆಂಗಳೂರ ವಿಮಾನ ನಿಲ್ದಾಣದಾಗ ಪೊಲೀಸ ಅದನ್ನ ತಗದ ಏನಮ್ಮಾ ಇದು ಅಂದಾಗ ಸುವರ್ಣಾ ಮುಂದ ಬಂದ, ವಿಭೂತಿ ಸಾರ್, ದೇವರ ಪ್ರಸಾದ, ಅಂದ್ಳು, ಅಂವ ಕಣ್ಣಿಗೆ ಒತ್ತಿಕೊಂಡ ತಿರುಗಿ ಕೊಟ್ಟಾ, ವಿಮಾನ ಏರೂತನಕ ಇಬ್ಬರೂ ಹೊಟ್ಟಿ ಹಿಡಕೊಂಡ ನಕ್ಕೇವಿ. ಎಷ್ಟ ಲಗೂ ಹೆಸರ ಬದಲ ಮಾಡ್ತಾಳಂತ ಅಲ್ಲೇ ತಿಳೀಬೇಕಿತ್ತು ನನಗ.

ಫೋನ ನಡಗಾಕತ್ತೈತಿ ಚೀಲದಾಗ. ಅಕೀದ. ಎತ್ತೂದಿಲ್ಲ. ಹತ್ತ ಸಲ ಹೊಡದಾಳ, ಈಗ ಮಾತ ತುಂಬಿ ಕಳಿಸ್ಯಾಳ, ಕೇಳಬಾರದು, ಕೇಳಿದ್ನಿ, ಸೇತವಿ ಕಟ್ಟಿ ಮ್ಯಾಲ ಕುಂತ ಕಿವಿಗೆ ಹಿಡದ ಕೇಳಿದ್ನಿ, ಮುಬ್ಬಿ, ಎಲ್ಲಿ ಅದೀಯವಾ, ಜೀವಾ ಬಾಯಾಗ ಬಂದೈತಿ ನನಗ. ಎರಡನೇದು, ಅನಿಲಕುಮಾರ ಹೇಳಿದಾ, ನೀ ಕೇಳಿದ್ಯಂತ, ಅಷ್ಟಕ್ಕ ಹಿಂಗ ಮಾಡ್ತಾರೇನ, ತಿಳಕೋ ಸ್ವಲ್ಪ, ಅವರಿಗೆ ಒಂದ ಮನೀ ಕಥೀ ಬೇಕಿತ್ತು, ತಾಯಿ ಮಗಳು ಅಂದ್ರನ ಆರಿಸ್ತಾರ, ಅರ್ಜಿ ನಾ ಹಾಕಿದ್ದು, ನಿಮ್ಮವ್ವ ಅಂತ ಹ್ಯಾಂಗ ಬರೀಲಿ, ನೀ ಬರೀತಿದ್ದೇನ ಅರ್ಜಿ, ನಾ ಬರೀಲಿಲ್ಲಂದ್ರ ನೀ ಈ ದೇಶಾ ನೋಡತಿದ್ದೇನ. ಮೂರನೇದು, ಸಣ್ಣ ದನಿ, ಸಾಲ್ಯಾಗ ನನ್ನ ಪಾಟಿ ಕೇಳೂಮುಂದ ಇರ್ತಿತ್ತಲ್ಲ ಆ ದನಿ, ಕೈ ಅಷ್ಟ ಅಲ್ಲವಾ, ಮಾರಿ ಅಲ್ಲಲ್ಲ, ಕೈಗೇನ ಹೆಸರ ಇರತೈತೇನ? — ಇರತೈತಿ. ಇರತೈತಿ ಸುವರ್ಣೀ. ನಿನ್ನ ತಲಿ ಹಿಕ್ಕಿದ ಕೈ ಅದು, ದಡಾರ ಎದ್ದಾಗ ಬೇವಿನ ತೊಪ್ಪಲ ಸವರಿದ ಕೈ, ಸಾವಿರ ಕೈ ನಡುವ ಇಟ್ಟರೂ ನೀ ಗುರತ ಹಿಡೀತಿ, ಆ ಉಗುರ ಬಿಟ್ಟ ಬ್ಯಾರೆ ಉಗುರ ಐತೇನ ಈ ಭೂಮಿ ಮ್ಯಾಲ. ಊರ ಮಂದಿ ಮೋಸಾ ಮಾಡಿದ್ರ ಬೈದ ಸುಮ್ಮನಾಕ್ಕಿದ್ನಿ. ನೀನು. ಮೊದಲನೇ ಚೋಂಗೆ ತಿಂದಾಕಿ ನೀನು.

ಹಸದೈತಿ. ರೊಟ್ಟಿ ಮುರದ್ನಿ, ತಿನ್ನದ ಬಾತುಕೋಳಿಗೆ ಒಗದ್ನಿ. ಎದ್ದ ನಡದ್ನಿ, ಸಣ್ಣ ಓಣಿ, ಬಿಳೇ ಮನಿಗೋಳು, ಒಂದ ಬಾಗಲ ಮುಂದ ಮುದುಕಿ ಕುಂತಾಳ, ತೊಡೀ ಮ್ಯಾಲ ದಿಂಬು, ದಿಂಬಿನ ತುಂಬ ಗುಂಡಸೂಜಿ, ಸಣ್ಣ ಸಣ್ಣ ಕಟಗಿ ಕಡ್ಡಿ ನೂರಿರಬೇಕು, ಕಟಕಟ ಕಟಕಟ, ಕಣ್ಣ ಮುಚ್ಚಿದ್ರ ನಮ್ಮ ಓಣಿ ಮಗ್ಗ ದೂರದಾಗ ನಡದಂಗ, ಇದ ಏನ ಜಾಳಗಿ, ಹಿಮದಂಥಾ ದಾರ. ಮುಂದ ಸಣ್ಣ ರಟ್ಟು, ಅದರ ಮ್ಯಾಲ ಹೆಸರು, ಒಳಗ ಗ್ವಾಡಿಗೆ ಇನ್ನೊಬ್ಬ ಮುದುಕಿ ಫೋಟೋ, ಅದರ ಬುಡಕೂ ಹೆಸರು, ಈಕೀ ಅವ್ವ ಇರಬೇಕು, ಅದ ಮೂಗು. ಏಳನೇತ್ತೆದ ಇಂಗ್ಲೀಷ ನಂದು, ಅಕ್ಷರ ಕೂಡಿಸಿ ಓದತೇನಿ, ತಿಳಿಯೂದಿಲ್ಲ, ಆದ್ರೂ ಹೆಸರಂತ ಗೊತ್ತಾಕ್ಕೈತಿ. ಒಂದ ಎಳಿ ಪಟ್ ಅಂತ ಹರೀತು ಆಕೀದು, ಗಂಟ ಹಾಕಾಕ ಹ್ವಾದ್ಳು, ನನ್ನ ಕೈ ತಡೀಲಿಲ್ಲ, ತಾಳಬೇ ತಾಯಿ ಅಂದ್ನಿ, ಕನ್ನಡದಾಗ ಅಂದ್ನಿ, ಡಬ್ಬಿ ತಗದ ಹೆಬ್ಬಟ್ಟಿಗೆ ಬೂದಿ ಹಚ್ಚಿ, ಎರಡೂ ತುದಿ ಹಿಡದು, ಒಂದ ತಿರುವು, ಕೂಡಿತು, ಜಗ್ಗಿ ನೋಡು ಅಂದ್ನಿ. ಜಗ್ಗಿದ್ಳು. ಕನ್ನಡಕ ಮ್ಯಾಲ ಸರಿಸಿ ಗಂಟ ಹುಡುಕಿದ್ಳು, ಎಲ್ಲೈತಿ ಗಂಟು, ಇದ್ದರಲ್ಲ ಸಿಗಾಕ, ನನ್ನ ಹೆಬ್ಬಟ್ಟ ಹಿಡದ ಹೊಳ್ಳಿಸಿ ಹೊಳ್ಳಿಸಿ ನೋಡಿದ್ಳು, ಆಮ್ಯಾಲ ತನ್ನ ಎದಿ ಮುಟ್ಟಿಕೊಂಡ ತನ್ನ ಹೆಸರ ಹೇಳಿದ್ಳು, ನನ್ನ ಕಡೆ ಬೆರಳ ಮಾಡಿದ್ಳು, ನೀ? ಬೀಬಿಜಾನ, ಅಂದ್ನಿ. ಯಾಕ ಅಂದ್ನೋ. ನನ್ನ ಹೆಸರ ಬಾಯಿಗೆ ಬರಲಿಲ್ಲ. ಬೀಬಿಯಾನ್, ಅಂದ್ಳು ಮುದುಕಿ, ಬೀಬಿಯಾನ್, ಬೀಬಿಯಾನ್, ಒಳಗ ಹೋಗಿ ಯಾರಿಗೋ ಒದರಿ ಹೇಳಿದ್ಳು, ಹತ್ತ ದಿನದಾಗ ಈ ದೇಶದಾಗ ಆ ಹೆಸರ ಅಂದಾಕಿ ಈಕಿ ಒಬ್ಬಾಕಿನ.

ಮಳಿ ಜಿಟಿಜಿಟಿ ಹತ್ತೈತಿ, ಸ್ಟೇಷನ್ನು, ಐದನೇ ಪ್ಲಾಟಫಾರ್ಮು, ಬ್ರಸೆಲ್ಸಿನ ಗಾಡಿ ಇನ್ನ ಎಂಟ ನಿಮಿಷ, ಬರೂಮುಂದ ಮಂದಿ ಹಿಂದ ನಡದಿದ್ನಿ, ನೋಡೇ ಇರಲಿಲ್ಲ, ಇಲ್ಲೂ ಐತಿ, ಗಾಜಿನ ಹಿಂದ, ಒಳಗ ಲೈಟ ಹಚ್ಯಾರ, ಅವ್ವನ ಕೈ ಉರದಂಗ ಕಾಣತೈತಿ, ಉಗುರ ನಡುವ ಸೀಳು, ಸೀಳಿನಾಗ ಬೂದಿ, ಎರಡ ಎಳಿ. ಹೋಗ್ತೇನಿ ಅವ್ವಾ, ಹೋಗದ ಎಲ್ಲಿ ಇರ್ಲಿ, ಹೋಗಿ ನಾಳಿ ನಸಕಿನ್ಯಾಗ ಎದ್ದ ಕೆಚ್ಚತೇನಿ, ಎಂಟನೂರೂ ಕೆಚ್ಚತೇನಿ, ಆದ್ರ ಬೂದಿ ಹಚ್ಚೂದಿಲ್ಲ. ಒಣಾ ಕೈಲೆ ಹೊಸೀತೇನಿ. ನೋಡಾಕ ಕೂಡಿದಂಗ ಕಾಣತಾವು, ಯಾರಿಗೂ ತಿಳಿಯೂದಿಲ್ಲ, ಹತ್ತಕ್ಕ ದೊಡ್ಡ ಮಂದಿ ಮುಂದ ನಮ್ಮವ್ವ ನೀಲವ್ವ ಅಂತ ಅಕಿ ಬಾಯಿ ತಗಿಯೂದ ತಡಾ, ಮಗ್ಗ ಒಂದ ತುಳತಾ ತುಳದರ ಸಾಕು, ಎಂಟನೂರ ಎಳಿ ಒಮ್ಮಿಗೇ ಬಿಚ್ಚಿ ಸುರಕೊಂಡ ಬೀಳತಾವು, ಬೀಳಲಿ, ಅಕೀ ಮಾರಿ ನೋಡ್ಬೇಕು ಆಗ — ಬ್ಯಾಡ. ಥೂ. ಅವ್ವ ಏನಂದಾಳು. ಒಣಾ ಕೆಚ್ಚು ಕೆಚ್ಚಿದ ಕೈಲೆ ಉಣಬಾರದು ಅನ್ನಾಕಿ ಆಕಿ, ಒಂದ ಸಲ ಆಟಕ್ಕ ಮಾಡಿದ್ದಕ್ಕ ನನ್ನ ಬೆನ್ನ ಮ್ಯಾಲ ಲಾಳಿಲೆ ಹೊಡದಿದ್ಳು. ಚಲೋ ಕೆಚ್ಚತೇನಿ, ಬೂದಿ ಹಚ್ಚೇ ಕೆಚ್ಚತೇನಿ, ಕೆಚ್ಚಿ ಕೇಳತೇನಿ, ಸುವರ್ಣೀ, ಹೆಸರ ಬದಲ ಮಾಡಸವಾ, ನಿನ್ನ ಕಾಲ ಬೀಳ್ತೇನಿ, ಅಷ್ಟ ಮಂದಿ ಮುಂದ ಒಂದ ಸಲ ಬೀಬಿಜಾನ ಅನ್ನು, ಸಾಕು, ಎಲ್ಲಾ ಮರೀತೇನಿ. ಅಂದಾಳು. ಅನ್ನದ ಇರ್ತಾಳೇನ, ಮಾವಶಿ ಅಂದ ಬಾಯಿ ಅದು. ಫೋನ ನಡಗಿತು. ನೋಡು, ಅಕೀದ, ನೂರ ವರ್ಷ ಆಯುಷ್ಯ ಅಕಿಗೆ, ಅಳಾಕತ್ತಾಳೇನೋ, ಕಿವಿಗೆ ಹಿಡದ್ನಿ. ಅಳಾಕತ್ತಿಲ್ಲ. ಗಡಬಡೀಲೆ ಹೇಳಾಕತ್ತಾಳ, ನೀ ಬರೂದ ಬಿಡೂದ ನಿನಗ ಬಿಟ್ಟದ್ದು ಮುಬೀನಾ, ನಿಮ್ಮ ಓಣಿ ನೇಕಾರ ಫಕೀರಸಾಬಗ ವೀಡಿಯೋ ಕಾಲ್ ಹಚ್ಚಿ ಕೇಳೇನಿ, ಹ್ಯಾಂಗ ಹೊಸಿಯೂದಂತ ತೋರಸ್ತಾನ, ನಾನ ಕೆಚ್ಚತೇನಿ, ಆ ಬೂದಿ ಡಬ್ಬಿ ಎಲ್ಲಿ ಇಟ್ಟೀ, ಅದೊಂದ ಹೇಳು.

ಬೂದಿ ಡಬ್ಬಿ ಎಲ್ಲಿ ಇಟ್ಟೀ. ಇಲ್ಲೈತಿ ಸುವರ್ಣೀ, ನನ್ನ ಕೈಯಾಗೈತಿ. ಗಾಜ ತೊಯ್ದೈತಿ ಮಳಿಗೆ, ಫೋಟೋದ ಕೆಳಗ ಅದ ನೀಲವ್ವನ ಹೆಸರು, ಎನ್ ಇಂದ ಶುರು ಆಗೂದು, ಅನಿಲಕುಮಾರ ಬೆರಳಿಟ್ಟ ತೋರಿಸಿದ್ದು, ಇಲ್ಲಿ ಸಣ್ಣ ಅಕ್ಷರದಾಗೈತಿ, ಡಬ್ಬಿ ಮುಚ್ಚಳ ತಗದ್ನಿ, ಅಂಗೈಯಾಗ ಸುರವಿಕೊಂಡ್ನಿ, ಹಸೀ ಗಾಜಿಗೆ ಮೆತ್ತಿದ್ನಿ, ಹತ್ತಿತು, ಇನ್ನಷ್ಟ, ಇನ್ನಷ್ಟ, ಮನೀ ಗ್ವಾಡಿಗೆ ಕುಳ್ಳ ತಟ್ಟಿದಂಗ ತಟ್ಟತೇನಿ, ಎನ್ ಹೋತು, ಮುಂದಿಂದೂ ಹೋತು, ಮಂದಿ ನಿಂತ ನೋಡತಾರ, ನೋಡಲಿ, ಒಬ್ಬಾಕಿ ಏನೋ ಕೇಳಿದ್ಳು, ಬೀಬಿಜಾನ ಅಂದ್ನಿ, ಬೀಬಿಜಾನ, ನಮ್ಮವ್ವ, ಮುಶಿಗೇರಿಯಾಕಿ, ಗಾಡಿ ಬಂತು, ಬಾಗಲ ತಗೀತು, ಡಬ್ಬಿ ಖಾಲಿ, ತಳಕ್ಕ ಒಂದ ಚಿಟಿಕಿ ಇಲ್ಲ, ಇಷ್ಟ ಮಳ್ಯಾಗ ಈ ದೇಶದಾಗ ಕುಳ್ಳಿನ ಬೂದಿ ಎಲ್ಲಿ ಸಿಗತೈತಿ ಅಕಿಗೆ, ಫೋನ ಬಡಕೊಳ್ಳಾಕತ್ತೈತಿ, ಸೀಟಿ ಹೊಡದ್ರು, ಹತ್ತಬೇಕು, ಹತ್ತತೇನಿ, ಬೆರಳ ತಗೀಬೇಕು ಗಾಜಿನಿಂದ, ನನ್ನ ಹೆಬ್ಬಟ್ಟ ಈ ಕಡೆ, ಅವ್ವನ ಹೆಬ್ಬಟ್ಟ ಆ ಕಡೆ, ನಡುವ ಸೀಳಿದ ಉಗುರು, ಸೀಳಿನಾಗ ಬೂದಿ, ಎರಡ ಎಳಿ, ಇನ್ನೂ ಕೂಡಿಲ್ಲ, ಅವ್ವ ಇನ್ನೂ ಹೊಸದಿಲ್ಲ, ಎರಡ ಎಳಿ —